ಈರಪ್ಪ ಮಾಮಾನ ಕಲ್ಲಿನ ಒಂಟೆ

ಕಳೆದ ತಿಂಗಳು ಮೊಮ್ಮಗಳ ಹಟಕ್ಕೆ ಸೋತು ದೊಡ್ಡ ಊರಿನ ಆಟದ ಪಾರ್ಕೊಂದಕ್ಕೆ ಹೋಗಿದ್ದೆ. ಬಾಗಿಲಲ್ಲೇ ಕೈಗೊಂದು ಕಾಗದದ ಪಟ್ಟಿ ಕಟ್ಟಿದರು, ದವಾಖಾನೆಯಲ್ಲಿ ಆಗಷ್ಟೇ ಹುಟ್ಟಿದ ಕೂಸಿಗೆ ಕಟ್ಟುವ ಹಾಗೆ. ನನ್ನ ವಯಸ್ಸಿನವರಿಗೆ ಅಲ್ಲಿ ಇರುವುದು ಎರಡೇ ಕೆಲಸ: ಚೀಲ ಕಾಯುವುದು, ನೀರಿನ ಬಾಟಲಿ ಹಿಡಿದು ನಿಲ್ಲುವುದು. ಎರಡನ್ನೂ ನಿಷ್ಠೆಯಿಂದ ಮಾಡುತ್ತಿದ್ದೆ. ಅಷ್ಟರಲ್ಲಿ ಮೊಮ್ಮಗಳು ಶ್ರೇಯಾ ಸೆರಗು ಜಗ್ಗುತ್ತ ನನ್ನನ್ನು ಒಂದು ಎತ್ತರದ ಜಾರುಬಂಡೆಯ ಬುಡಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ನಿಂತಿದ್ದ ಹೆಣ್ಣುಮಗಳು ಇಬ್ಬರಿಗೂ ಒಂದೊಂದು ಗೋಣಿತಟ್ಟು ಕೊಟ್ಟಳು. ಅದರ ಮೇಲೆ ಕೂತು ಜಾರಬೇಕಂತೆ. ಗೋಣಿ ಸ್ವಲ್ಪ ಹಸಿಯಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತಲ್ಲೇ ನಿಂತುಬಿಟ್ಟೆ. ಹಿಂದಿನವರು “ಮುಂದೆ ಹೋಗಿ ಅಜ್ಜಿ” ಎಂದು ಎರಡು ಸಲ ಹೇಳಿದರಂತೆ, ನನಗೆ ಕೇಳಿಸಲಿಲ್ಲ.

ತಲೆಯೆತ್ತಿ ನೋಡಿದೆ. ಜಾರುಬಂಡೆ ಶುರುವಾಗುತ್ತಿದ್ದದ್ದು ಒಂದು ಒಂಟೆಮರಿಯ ಡುಬ್ಬದ ಮೇಲಿಂದ. ಉದ್ದನೆಯ ರೆಪ್ಪೆ, ಕೊರಳಲ್ಲಿ ನೀಲಿ ಗಂಟೆ, ಅತ್ತು ಮುಗಿಸಿ ಈಗ ನಗಲು ನೋಡುತ್ತಿರುವಂಥ ಬಾಯಿ. ಆ ಮರಿ ಇಂದಿನ ಮಕ್ಕಳಿಗೂ ಗೊತ್ತು. ಅದರ ಚಿತ್ರವಿರುವ ಚೀಲ, ಚಪ್ಪಲಿ, ನೀರಿನ ಬಾಟಲಿ ಎಲ್ಲವೂ ಸಿಗುತ್ತವೆ. ನಾನು ಕೈಯಲ್ಲಿ ಹಿಡಿದಿದ್ದ ಬಾಟಲಿಯ ಮೇಲೂ ಅದೇ ಇತ್ತು. ಆದರೆ ನನಗೂ ಆ ಮರಿಗೂ ಇರುವ ಪರಿಚಯ ನಲವತ್ತೈದು ವರ್ಷದ್ದು. ಶ್ರೇಯಾಳಿಗೆ ಹಾಗೆಂದರೆ ಅವಳು ನಂಬಲಿಲ್ಲ. “ಆಗ ಕಾರ್ಟೂನ್ ಇತ್ತಾ ಅಜ್ಜಿ?” ಎಂದು ಕೇಳಿದಳು, ಆಗ ಸೂರ್ಯ ಇದ್ದನಾ ಎಂದು ಕೇಳುವ ಧಾಟಿಯಲ್ಲಿ.

ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ನಮ್ಮ ಇಳಕಲ್ಲಿನ ಟಾಕೀಸಿಗೆ ಒಂದೇ ಒಂದು ವಾರದ ಮಟ್ಟಿಗೆ ಬಂದಿತ್ತು. ಊರವರು ಅದನ್ನು ‘ಗೊಂಬಿ ಸಿನೆಮಾ’ ಎಂದು ಕರೆದರು. ನನಗಾಗ ಹನ್ನೊಂದು ವರ್ಷ. ಸಿನೆಮಾದ ಭಾಷೆ ಒಂದಕ್ಷರ ತಿಳಿಯದಿದ್ದರೂ ಕತೆ ತಿಳಿಯಿತು. ಹಿಂಡಿನಿಂದ ತಪ್ಪಿಸಿಕೊಂಡ ಒಂಟೆಮರಿಯೊಂದು ಮರಳುಗುಡ್ಡಗಳನ್ನು ದಾಟುತ್ತ ತಾಯಿಯನ್ನು ಹುಡುಕುತ್ತದೆ. ಅದಕ್ಕೆ ಗುಡ್ಡ ಹತ್ತಲು ಬರುತ್ತದೆ, ಇಳಿಯಲು ಭಯ. ಕೊನೆಗೆ ಎಲ್ಲಕ್ಕಿಂತ ಎತ್ತರದ ಗುಡ್ಡದ ತುದಿಯಲ್ಲಿ ನಿಂತಾಗ ಕೆಳಗೆ ಹಿಂಡು ಕಾಣುತ್ತದೆ. ಮರಿ ಕಣ್ಣು ಮುಚ್ಚಿ, ಕಾಲು ಮಡಚಿ, ಮರಳ ಮೇಲೆ ಕೂತು ಜಾರಿಯೇ ಬಿಡುತ್ತದೆ. ಆ ಜಾರುವಿಕೆ ತೆರೆಯ ಮೇಲೆ ಎಷ್ಟು ಹೊತ್ತು ನಡೆಯಿತೋ, ಅಷ್ಟು ಹೊತ್ತೂ ಟಾಕೀಸಿನ ಅಷ್ಟೂ ಮಕ್ಕಳು ಕುರ್ಚಿಯ ತುದಿಗೆ ಬಂದು ಕಿರುಚಿದ್ದೆವು. ಇಬ್ಬರು ಕುರ್ಚಿಯಿಂದ ಕೆಳಗೂ ಬಿದ್ದರು. ಅವರಲ್ಲಿ ಒಬ್ಬಳು ನಾನು.

ಆ ವಾರ ಕಳೆದ ಮೇಲೆ ಊರಿನ ಮಕ್ಕಳಿಗೆ ಹಿಡಿದ ಹುಚ್ಚನ್ನು ಏನೆಂದು ಹೇಳಲಿ! ಅಂಗಿಯೊಳಗೆ ತಲೆದಿಂಬು ತುರುಕಿಕೊಂಡು ಡುಬ್ಬ ಮಾಡಿಕೊಂಡೆವು. ಎತ್ತಿನ ಕೊರಳ ಗಂಟೆಗಳು ಕಾಣೆಯಾದವು. ಸಿನೆಮಾದಲ್ಲಿ ಮರಿ ಮುಳ್ಳುಗಿಡದ ಎಲೆ ತಿನ್ನುತ್ತದೆ ಎಂದು ನಾವು ಜಾಲಿಯ ಎಲೆ ಅಗಿದು ನೋಡಿ ಹೊಟ್ಟೆನೋವು ತಂದುಕೊಂಡೆವು. ಕತ್ತು ಮುಂದೆ ಚಾಚಿ, ಒಂದು ಪಕ್ಕದ ಕೈಕಾಲು ಒಟ್ಟಿಗೆ ಎತ್ತಿ ಇಡುವ ಒಂಟೆಯ ನಡಿಗೆಯಲ್ಲೇ ಸಾಲೆಗೆ ಹೋಗುತ್ತಿದ್ದೆವು. ಮಗ್ಗದ ಮುಂದೆ ಕೂತಿದ್ದ ನನ್ನವ್ವ ನಾನು ಹಾಗೆ ಬರುವುದನ್ನು ನೋಡಿ, “ಎಲ್ಲಾರ ಮನ್ಯಾಗ ಹೆಣ್ಣುಮಕ್ಕಳು ಹುಟ್ಟತಾವ, ನಮ್ಮ ಮನ್ಯಾಗ ಒಂಟಿ ಹುಟ್ಟೇತಿ ನೋಡವ್ವಾ” ಎಂದು ನೆರೆಯವಳಿಗೆ ಹೇಳುತ್ತಿದ್ದಳು. ನನಗೆ ಅದು ಬೈಗುಳವೆಂದು ಅನಿಸಲೇ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಹಿರಿಯರು ಸುಮ್ಮನಿರುತ್ತಿದ್ದರು. ಆದರೆ ಜಾರಬೇಕಲ್ಲ! ಇಳಕಲ್ಲಿನಲ್ಲಿ ಮರಳುಗುಡ್ಡ ಎಲ್ಲಿಂದ ಬರಬೇಕು? ನಮ್ಮಲ್ಲಿದ್ದದ್ದು ಕಲ್ಲಿನ ಗುಡ್ಡೆಗಳು. ಊರ ಹೊರಗಿನ ಪಾಲಿಶ್ ಕಾರ್ಖಾನೆಯ ಹಿಂದೆ ಕೆಂಪು ಗ್ರಾನೈಟಿನ ಒಡೆದ ತುಂಡುಗಳನ್ನು ರಾಶಿ ಹಾಕಿರುತ್ತಿದ್ದರು. ನಾವು ಅದರ ಮೇಲೆ ಹತ್ತಿ ಜಾರಿದೆವು. ಲಂಗ ಹರಿಯಿತು, ಚಡ್ಡಿ ಹರಿಯಿತು, ಚರ್ಮವೂ ಹರಿಯಿತು. ಒಂದು ದಿನ ನನ್ನ ಮಾಮಾನ ಮಗಳು ಗಂಗಿ, ಆರು ವರ್ಷದ ಕೂಸು, ನಮ್ಮ ಹಿಂದೆಯೇ ಹತ್ತಿ ಜಾರಿ ಮೊಣಕಾಲು ಸೀಳಿಕೊಂಡಳು. ಹೊಲಿಗೆ ಹಾಕುವಾಗ ಅವಳ ಚೀರಾಟ ರಸ್ತೆಯವರೆಗೂ ಕೇಳುತ್ತಿತ್ತು.

ಗಂಗಿಯ ಅಪ್ಪ ಈರಪ್ಪ ಮಾಮಾ, ನನ್ನವ್ವನ ತಮ್ಮ, ಅದೇ ಕಾರ್ಖಾನೆಯಲ್ಲಿ ಪಾಲಿಶ್ ಮಾಡುವವನು. ಅವನ ಬಗ್ಗೆ ಸ್ವಲ್ಪ ಹೇಳಬೇಕು. ಆಗಿನ್ನೂ ಪಾಲಿಶ್ ಕೆಲಸದ ಬಹುಪಾಲು ಕೈಯಲ್ಲೇ ನಡೆಯುತ್ತಿತ್ತು. ಕಲ್ಲಿನ ಮೇಲೆ ನೀರು ಬಿಟ್ಟು, ಮೊದಲು ಒರಟು ಸಾಣೆ, ಆಮೇಲೆ ನಯ ಸಾಣೆ, ಕೊನೆಗೆ ಪುಡಿ ಹಾಕಿ ಬಟ್ಟೆಯಿಂದ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡುತ್ತಿದ್ದರು. ಆದರೆ ಒಂದು ಹಾಸುಗಲ್ಲು ಪೂರ್ತಿಯಾಯಿತೋ ಇಲ್ಲವೋ ಎಂದು ಹೇಳುವವನು ಮಾಮಾ ಒಬ್ಬನೇ. ಕಣ್ಣು ಮುಚ್ಚಿ, ಅಂಗೈಯನ್ನು ಕಲ್ಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಸರಿಸುತ್ತಿದ್ದ. ಎಲ್ಲೋ ಒಂದು ಕಡೆ ಕೈ ನಿಂತರೆ, ಅಲ್ಲಿ ಮತ್ತೆ ತಿಕ್ಕಬೇಕು. ಕೈ ನಿಲ್ಲದೆ ಹೋದರೆ “ಪಾಸ್” ಎನ್ನುತ್ತಿದ್ದ. ಅವನ ಕೈ ಆಡದ ಕಲ್ಲನ್ನು ಕಾರ್ಖಾನೆಯ ಸಾಹುಕಾರರು ಲಾರಿಗೆ ಏರಿಸುತ್ತಿರಲಿಲ್ಲ. “ಕಣ್ಣ ನಂಬಬಾರದು, ಬೆಳಕಿಗೆ ಮಳ್ಳ ಆಗತಾವ. ನಾ ಕೈ ನಂಬತೇನಿ” ಎಂದು ನಮಗೆಲ್ಲ ಹೇಳುತ್ತಿದ್ದ. ಊರಲ್ಲಿ ಅವನನ್ನು ತೋರಿಸಿ, ಈ ಮನುಷ್ಯನ ಅಂಗೈ ಬಂಗಾರದ್ದು ಎನ್ನುತ್ತಿದ್ದರು. ಅವನಿಗಿದ್ದ ಆಸ್ತಿ ಅದೊಂದೇ.

ಗಂಗಿಯ ಕಾಲು ವಾಸಿಯಾಗುವ ಹೊತ್ತಿಗೆ ಮಾಮಾ ಕ್ಷೌರದ ಅಂಗಡಿಯಿಂದ ಒಂದು ಹಳೆಯ ವಾರಪತ್ರಿಕೆಯ ಹಾಳೆ ಹರಿದು ತಂದ. ಯಾವುದೋ ದೂರದ ದೇಶದಲ್ಲಿ ಆ ಸಿನೆಮಾದ ಹೆಸರಲ್ಲೇ ಒಂದು ಆಟದ ತೋಟ ಕಟ್ಟಿದ್ದಾರಂತೆ. ಚಿತ್ರದಲ್ಲಿ ದೊಡ್ಡ ಒಂಟೆಮರಿ, ಅದರ ಡುಬ್ಬದಿಂದ ಜಾರುತ್ತಿರುವ ಬಿಳಿಯ ಮಕ್ಕಳು. ನಾವೆಲ್ಲ ಬಾಯಿ ತೆರೆದು ನೋಡಿದೆವು. ಮಾಮಾ ಮಾತ್ರ ಮೂಗು ಮುರಿದ.

“ಇದು ಸಿಮೆಂಟ್ ಐತಿ. ಸಿಮೆಂಟಿನ ಮ್ಯಾಲೆ ಏನು ಜಾರತಾರಲೇ ಇವರು? ನಾ ಕಲ್ಲಿನ್ಯಾಗ ಮಾಡತೇನಿ. ನೊಣ ಕುಂತರ ಜಾರಿ ಬೀಳಬೇಕು, ಹಂಗ ಪಾಲಿಶ್ ಮಾಡತೇನಿ.”

ಮಾಡಿದ. ಸಾಹುಕಾರರು ಮೂಲೆ ಮುರಿದ ಒಂದು ಉದ್ದನೆಯ ಹಾಸುಗಲ್ಲನ್ನೂ ಬೇಕಾದಷ್ಟು ತುಂಡುಕಲ್ಲನ್ನೂ ಕೊಟ್ಟರು. ಸಾಲೆಯ ಹಿಂದಿನ ಬಯಲಿನಲ್ಲಿ ಜಾಗ ಸಿಕ್ಕಿತು. ಮೂರು ತಿಂಗಳ ಐತವಾರಗಳೆಲ್ಲ ಅಲ್ಲೇ ಕಳೆದವು. ಕೆಂಪು ಕಲ್ಲಿನ ಒಂಟೆ ಮೆಲ್ಲಗೆ ಎದ್ದು ನಿಂತಿತು. ಅದರ ಮುಖ ಒಂಟೆಗಿಂತ ನಮ್ಮ ಕನ್ನಡ ಮಾಸ್ತರರನ್ನು ಹೆಚ್ಚು ಹೋಲುತ್ತಿತ್ತು ಎಂಬುದನ್ನು ಬಿಟ್ಟರೆ ಯಾರೂ ತಪ್ಪು ತೆಗೆಯುವ ಹಾಗಿರಲಿಲ್ಲ. ಹಿಂದಿನಿಂದ ಮೆಟ್ಟಿಲು, ಡುಬ್ಬದ ಮೇಲೆ ಕೂರಲು ಜಾಗ, ಅಲ್ಲಿಂದ ಕೆಳಗೆ ಕನ್ನಡಿಯಂಥ ಒಂದೇ ಕಲ್ಲು, ಕೊನೆಗೆ ಹಳ್ಳದಿಂದ ತಂದು ಸುರಿದ ಉಸುಕು. ಮಾಮಾ ಪ್ರತಿ ಸಂಜೆ ಬಂದು ಕಲ್ಲಿನ ಮೇಲೆ ಕೈ ಆಡಿಸಿ ಹೋಗುತ್ತಿದ್ದ. ಹುನಗುಂದದಿಂದ, ಅಮೀನಗಡದಿಂದ ಸಂತೆಗೆ ಬಂದವರು ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು.

ಉದ್ಘಾಟನೆಗೆ ದಿನ ಗೊತ್ತಾಯಿತು. ಪರೀಕ್ಷೆ ಮುಗಿದ ಮರುವಾರ, ಮುಂಜಾನೆ ಏಳಕ್ಕೆ. ಸಾಹುಕಾರರು ರಿಬ್ಬನ್ ಕತ್ತರಿಸುವುದು, ನಾನು ಸ್ವಾಗತ ಭಾಷಣ ಮಾಡುವುದು, ಗಂಗಿ ಮೊದಲು ಜಾರುವುದು. ಅಲ್ಲಿಯವರೆಗೆ ಯಾರೂ ಅದರ ಮೇಲೆ ಕೂರಬಾರದೆಂದು ಮಾಮಾನ ಅಪ್ಪಣೆ. ಭಾಷಣ ನನಗೆ, ಜಾರುವುದು ಗಂಗಿಗೆ! ಈ ಹಂಚಿಕೆಯಲ್ಲಿ ನನಗೆ ನ್ಯಾಯ ಕಾಣಲಿಲ್ಲ. ಸಿನೆಮಾ ಎರಡು ಸಲ ನೋಡಿದವಳು ನಾನು, ಕುರ್ಚಿಯಿಂದ ಬಿದ್ದವಳು ನಾನು. ಅದಕ್ಕೇ ಉದ್ಘಾಟನೆಗೆ ಎರಡು ದಿನ ಇರುವಾಗ, ಊಟ ಮುಗಿಸಿ ಊರೆಲ್ಲ ಅಡ್ಡಾಗಿದ್ದ ಹೊತ್ತಿನಲ್ಲಿ, ಕದ್ದು ಹೋಗಿ ಡುಬ್ಬ ಹತ್ತಿದೆ. ಲಂಗ ಎತ್ತಿ ಕೂತು ಜಾರಿದೆ.

ನಮ್ಮ ಕಡೆಯ ಏಪ್ರಿಲ್ ಬಿಸಿಲನ್ನು ನೀವು ಕಂಡಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಮುಂಜಾನೆಯಿಂದ ಕಾದ ಕಲ್ಲು ಅದು. ಜಾರಿದ್ದು ಎರಡು ಕ್ಷಣ ಇರಬಹುದು. ತೊಡೆಯ ಹಿಂಭಾಗದ ಚರ್ಮ ಹಂಚಿನ ಮೇಲಿನ ರೊಟ್ಟಿಯಂತಾಯಿತು. ಉಸುಕಿಗೆ ಬಿದ್ದರೆ ಉಸುಕೂ ಕಾದಿತ್ತು. ಬಾಯಿಗೆ ಸೆರಗು ತುರುಕಲು ಸೆರಗೂ ಇರಲಿಲ್ಲ. ಜಡೆ ಕಚ್ಚಿಕೊಂಡು ಅತ್ತೆ.

ಮನೆಗೆ ಬಂದಾಗ ಅವ್ವ ಮಗ್ಗ ನಿಲ್ಲಿಸಿ, “ಯಾಕ ಹಂಗ ನಡ್ಯಾಕತ್ತಿ?” ಎಂದು ಕೇಳಿದಳು.

“ಒಂಟಿ ನಡಿಗಿ” ಎಂದೆ.

“ದಿನಾ ಹಿಂಗ ನಡೀತಿರಲಿಲ್ಲಲ್ಲ?”

“ಇದು ಮುದಿ ಒಂಟಿ” ಎಂದು ಹೇಳಿ ಒಳಗೆ ಹೋಗಿ ಬೋರಲಾಗಿ ಮಲಗಿದೆ.

ಮಲಗಿಕೊಂಡು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಮಾಮಾನಿಗೆ ಹೇಳಿದರೆ ಕದ್ದು ಜಾರಿದ್ದು ಬಯಲಾಗುತ್ತದೆ, ಭಾಷಣವೂ ಕೈತಪ್ಪುತ್ತದೆ. ಹೇಗೂ ಉದ್ಘಾಟನೆ ಮುಂಜಾನೆ ಏಳಕ್ಕೆ, ಆಗ ಕಲ್ಲು ತಣ್ಣಗಿರುತ್ತದೆ. ಸುಮ್ಮನಿದ್ದುಬಿಟ್ಟೆ.

ಆ ದಿನ ಆರೂವರೆಗೆಲ್ಲ ಬಯಲು ತುಂಬಿತ್ತು. ಗಂಗಿಗೆ ಹೊಸ ಅಂಗಿ, ಕೊರಳಲ್ಲಿ ನೀಲಿ ಬಣ್ಣ ಬಳಿದ ಗಂಟೆ. ಏಳಾಯಿತು, ಎಂಟಾಯಿತು, ಸಾಹುಕಾರರಿಲ್ಲ. ಬಾಗಲಕೋಟೆಯಿಂದ ಬರುವಾಗ ಹುನಗುಂದದ ಹತ್ತಿರ ಅವರ ಕಾರು ಕೆಟ್ಟು ನಿಂತಿದೆಯೆಂದು ಸುದ್ದಿ ಬಂತು. ಕಲ್ಲು ಕೊಟ್ಟವರು ಬಾರದೆ ಶುರು ಮಾಡುವುದು ಹೇಗೆ? ಮಂದಿ ಬೇವಿನ ಗಿಡದ ನೆರಳಿಗೆ ಸರಿದು ಕೂತರು. ಒಂಟೆ ಮಾತ್ರ ಬಿಸಿಲಲ್ಲೇ ನಿಂತಿತ್ತು. ಸೂರ್ಯ ಮೇಲೇರಿದಷ್ಟೂ ನನ್ನ ತೊಡೆ ಉರಿಯತೊಡಗಿತು. ಸಾಹುಕಾರರು ಕಾರಿನಿಂದ ಇಳಿದಾಗ ಹನ್ನೆರಡೂವರೆ.

ಇನ್ನು ತಡ ಬೇಡವೆಂದು ಎಲ್ಲ ಒಟ್ಟಿಗೇ ನಡೆಯಿತು. ರಿಬ್ಬನ್ ಕತ್ತರಿಸಿದರು. ಕಾಲಿಗೆ ಹೊಸ ಚಪ್ಪಲಿ ಹಾಕಿಕೊಂಡಿದ್ದ ಗಂಗಿ ಮೆಟ್ಟಿಲು ಹತ್ತಿ ಡುಬ್ಬದ ಹತ್ತಿರ ನಿಂತಳು. ನನ್ನನ್ನು ಭಾಷಣಕ್ಕೆ ಕರೆದರು. ಬಾಯಿಪಾಠ ಮಾಡಿದ್ದ “ಸಭೆಯಲ್ಲಿ ಆಸೀನರಾಗಿರುವ ಹಿರಿಯರೇ” ಎಂಬಲ್ಲಿಗೆ ಬಂದು ನಿಂತೆ. ಮೇಲೆ ಗಂಗಿ ಅಂಗಿ ಸರಿಮಾಡಿಕೊಂಡು ಕೂರಲು ಬಾಗುತ್ತಿದ್ದಳು.

“ಗಂಗೀನ ಜಾರಸಬ್ಯಾಡ್ರೀ! ಕಲ್ಲು ಸುಡತೈತಿ!” ಎಂದು ಕೂಗಿಬಿಟ್ಟೆ.

ಮಂದಿ ನಕ್ಕರು. ಮಾಮಾನ ಮುಖ ಬಿಳಿಚಿತು. ಅವನು ಎರಡು ಹೆಜ್ಜೆ ಮುಂದೆ ಬಂದು ಅಂಗೈಯನ್ನು ಕಲ್ಲಿನ ಮೇಲೆ ಒತ್ತಿ ಇಟ್ಟ.

“ಎಲ್ಲಿ ಸುಡತೈತಿ? ತಣ್ಣಗ ಐತಿ ನೋಡ್ರಿ” ಎಂದ.

ಸಾಹುಕಾರರು ನಗುತ್ತಲೇ ತಾವೂ ಕೈ ಇಟ್ಟರು. ಇಟ್ಟ ವೇಗಕ್ಕಿಂತ ಬೇಗ ತೆಗೆದು, “ಅಯ್ಯಯ್ಯೋ!” ಎಂದು ಕೈ ಜಾಡಿಸಿದರು. ಇನ್ನೊಬ್ಬರು ಮುಟ್ಟಿದರು, ಅವರೂ ಹಾರಿದರು. ನಗು ಒಂದು ಗಳಿಗೆ ಜೋರಾಯಿತು, ಆಮೇಲೆ ಒಮ್ಮೆಲೇ ನಿಂತಿತು. ಯಾಕೆಂದರೆ ಮಾಮಾನ ಅಂಗೈ ಇನ್ನೂ ಕಲ್ಲಿನ ಮೇಲೆಯೇ ಇತ್ತು. ಊರೆಲ್ಲ ಆ ಕೈಯನ್ನು ನೋಡಿತು.

“ಈರಪ್ಪ, ಕೈ ತಗಿ” ಎಂದರು ಸಾಹುಕಾರರು, ಮೆಲ್ಲಗೆ.

ಮಾಮಾ ತೆಗೆಯಲಿಲ್ಲ. ಅವರೇ ಅವನ ಮಣಿಕಟ್ಟು ಹಿಡಿದು ಎತ್ತಿದರು. ಅಂಗೈ ತಿರುವಿ ನೋಡಿದರು. ಅದು ಕೆಂಪಗೆ ಆಗಿತ್ತು, ಮಾಮಾನ ಮುಖದಲ್ಲಿ ಮಾತ್ರ ನೋವಿನ ಗುರುತಿರಲಿಲ್ಲ. ಅಷ್ಟು ವರ್ಷ ಕಲ್ಲು ತಿಕ್ಕಿ ತಿಕ್ಕಿ ಆ ಅಂಗೈಯಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಗಂಗಿಯನ್ನು ಯಾರೋ ಎತ್ತಿ ಇಳಿಸಿದರು.

ಜಾರುಬಂಡೆ ಹಾಳಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊತ್ತು ಏರುವ ಮೊದಲು ಮತ್ತು ಇಳಿದ ಮೇಲೆ, ಗೋಣಿತಟ್ಟು ನೀರಲ್ಲಿ ಅದ್ದಿ, ಅದರ ಮೇಲೆ ಕೂತು ಜಾರುವುದು ನಮ್ಮ ಊರಿನ ಪದ್ಧತಿಯಾಯಿತು. ಬದಾಮಿಯ ನೆಂಟರ ಮಕ್ಕಳು ರಜೆಗೆ ಬಂದರೆ ಗುಹೆಗಳ ಊರಿನವರೆಂಬ ಜಂಬ ಬಿಟ್ಟು ಸಾಲಿನಲ್ಲಿ ನಿಲ್ಲುತ್ತಿದ್ದರು. ಎಂಬತ್ತರ ದಶಕವಿಡೀ ಆ ಒಂಟೆ ಮಕ್ಕಳನ್ನು ಹೊತ್ತಿತು. ಈಗ ಆ ಬಯಲಿನಲ್ಲಿ ರಸ್ತೆ ಬಂದು, ಅದು ಎತ್ತರವಾಗುತ್ತ ಹೋಗಿ ಡುಬ್ಬವಷ್ಟೇ ಮೇಲೆ ಉಳಿದಿದೆ, ಅದರ ಮೇಲೆ ಬಸ್ಸು ಕಾಯುವವರು ಕೂರುತ್ತಾರೆ.

ಹಾಳಾದದ್ದು ಮಾಮಾ. ಮುಂದಿನ ವಾರದಿಂದ ಅವನನ್ನು ಪಾಲಿಶ್ ಕಟ್ಟೆಯಿಂದ ತೆಗೆದು ಕಲ್ಲು ಅಳೆಯುವ ಕೆಲಸಕ್ಕೆ ಹಾಕಿದರು. ಸಾಹುಕಾರರು ಕೆಟ್ಟವರಲ್ಲ, ಪಗಾರ ಕಡಿಮೆ ಮಾಡಲಿಲ್ಲ. ಆದರೆ ಕೊರಳಿಗೆ ಟೇಪು ಹಾಕಿಕೊಂಡು, ಬೇರೆಯವರು ಪಾಸ್ ಮಾಡಿದ ಕಲ್ಲಿನ ಉದ್ದಗಲ ಬರೆಯಿಸುತ್ತ ನಿಂತ ಮಾಮಾನನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಬಂಗಾರದ ಅಂಗೈ ಎಂಬ ಮಾತು ಊರಲ್ಲಿ ನಿಂತೇಹೋಯಿತು. ಎರಡು ದಿನ ಮೊದಲೇ ಅವನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರೆ, ಮಂದಿಯ ಮುಂದೆ ಹೀಗಾಗುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮುಂದೆ ಬದಾಮಿಯಲ್ಲಿ ಮಾಸ್ತರಿಕೆ ಮಾಡಿದೆ, ಮಕ್ಕಳಿಗೆ ಸತ್ಯ ಹೇಳಬೇಕೆಂದು ಮೂವತ್ತು ವರ್ಷ ಪಾಠ ಮಾಡಿದೆ, ಮಾಮಾನ ಮನೆಗೆ ಹೋದಾಗಲೆಲ್ಲ ಹವಾಮಾನದ ಬಗ್ಗೆ ಮಾತಾಡಿ ಬಂದೆ.

ಆಟದ ಪಾರ್ಕಿನಲ್ಲಿ ಶ್ರೇಯಾಳ ಜೊತೆ ನಾನೂ ಜಾರಿದೆ. ಮೊಣಕಾಲು ಇನ್ನೂ ನೋಯುತ್ತಿದೆ. ಇಳಕಲ್ಲಿಗೆ ಮರಳಿದ ಮೂರನೇ ದಿನ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು, ಬಾಗಲಕೋಟೆಯ ನವನಗರಕ್ಕೆ ಹೋದೆ. ಗಂಗಿ ಅಲ್ಲಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಎಂಬತ್ತು ದಾಟಿದ ಮಾಮಾ ಅವಳ ಜೊತೆಗೇ ಇದ್ದಾನೆ. ವರಾಂಡದಲ್ಲಿ ಕೂತಿದ್ದ. ಗಂಗಿ ಚಹಾಕ್ಕಿಡಲು ಒಳಗೆ ಹೋದಳು. ಹವಾಮಾನಕ್ಕೆ ಅವಕಾಶ ಕೊಡದೆ ಶುರು ಮಾಡಿದೆ.

“ಮಾಮಾ, ಆ ಕಲ್ಲು ಸುಡತೈತಿ ಅಂತ ನನಗ ಎರಡು ದಿನ ಮೊದಲ ಗೊತ್ತಿತ್ತು. ಕದ್ದು ಜಾರಿದ್ದೆ. ನಿನಗೊಬ್ಬಾವಗ ಹೇಳಬೇಕಾಗಿತ್ತು, ಹೇಳಲಿಲ್ಲ. ಮಂದಿ ಮುಂದ ನಿನ್ನ ಮರ್ಯಾದಿ ಹೋತು. ತಪ್ಪಾತು.”

ಮಾಮಾ ನನ್ನ ಕಡೆ ತಿರುಗಿದ.

“ಎರಡು ದಿನ?” ಎಂದು ಕೇಳಿದ.

“ಹೂಂ.”

“ನನಗ ಎರಡು ವರ್ಷ ಮೊದಲ ಗೊತ್ತಿತ್ತು, ಅವ್ವೀ.”

ಕರದಂಟಿನ ಪೊಟ್ಟಣವನ್ನು ಕೆಳಗಿಟ್ಟೆ.

“ಬಿಸಿ ಚಹಾದ ಗ್ಲಾಸ್ ಹಿಡದ್ರ ಗೊತ್ತಾಗತಿರಲಿಲ್ಲ. ಕೈ ಸತ್ತಿತ್ತು. ಹೇಳಿದ್ರ ಕಟ್ಟಿಯಿಂದ ಇಳಸತಾರಂತ ಸುಮ್ಮನಿದ್ದೆ. ಕಣ್ಣು ಮುಚ್ಚಿದಂಗ ಮಾಡಿ, ರೆಪ್ಪಿ ಸಂದ್ಯಾಗಿಂದ ನೋಡಿ ಪಾಸ್ ಅಂತಿದ್ದೆ. ಆ ದಿನ ನೀ ಸುಡತೈತಿ ಅಂತ ಚೀರಿದಿ ನೋಡು, ಅದು ಖರೆ ಅಂತ ನನಗ ತಿಳೀತು. ನೀ ಸುಳ್ಳ ಹೇಳೂ ಮಾರಿ ಇರಲಿಲ್ಲ. ಆದ್ರೂ ಕೈ ಇಟ್ಟು ತಣ್ಣಗ ಐತಿ ಅಂದೆ.” ಅವನು ತನ್ನ ಅಂಗೈ ತಿರುವಿ ನೋಡಿಕೊಂಡ. “ಮ್ಯಾಲೆ ನಿಂತಾಕಿ ಯಾರು? ನನ್ನ ಮಗಳು. ಅಕಿ ಸುಟ್ಟಗೊಂಡ್ರೂ ಅಡ್ಡಿಯಿಲ್ಲ, ನನ್ನ ಕೈ ಹೆಸರು ಉಳೀಲಿ ಅಂತ ಒಂದು ಗಳಿಗಿ ಅನಿಸಿತ್ತು. ಅದಕ್ಕ ಆಮ್ಯಾಲೆ ಕೈ ತಗೀಲಿಲ್ಲ ನಾ. ಸುಡಲಿ ಅಂತ ಬಿಟ್ಟೆ. ಸುಟ್ಟದ್ದೂ ತಿಳೀಲಿಲ್ಲ, ಹಾಳಾದ್ದು.”

ಇಷ್ಟು ವರ್ಷ ಈ ಕತೆಯ ಅಪರಾಧಿ ನಾನೊಬ್ಬಳೇ ಎಂದುಕೊಂಡು ಬಂದಿದ್ದೆ. ಅದರಲ್ಲೂ ನನಗೊಂದು ಜಂಬ ಇತ್ತೆಂದು ಆಗ ತಿಳಿಯಿತು. ಆ ಎರಡು ವರ್ಷದ ಭಾರವನ್ನು, ಆ ಒಂದು ಗಳಿಗೆಯ ಭಾರವನ್ನು ಈ ಮನುಷ್ಯ ಒಬ್ಬನೇ ಹೊತ್ತುಕೊಂಡು ಕೂತಿದ್ದ. ತಲೆಯೆತ್ತಿದರೆ ಬಾಗಿಲಲ್ಲಿ ಗಂಗಿ ನಿಂತಿದ್ದಳು, ಕೈಯಲ್ಲಿ ಚಹಾದ ತಟ್ಟೆ. ಎಲ್ಲ ಕೇಳಿಸಿಕೊಂಡಿದ್ದಳು. ಮಾಮಾನೂ ಅವಳನ್ನು ನೋಡಿದ, ನೋಡಿ ತಲೆ ತಗ್ಗಿಸಿದ.

ಗಂಗಿ ವರಾಂಡಕ್ಕೆ ಬಂದಳು. ಅಪ್ಪನ ಪಕ್ಕದಲ್ಲಿ ಕೂತು ಚಹಾವನ್ನು ಬಸಿಗೆ ಸುರಿದಳು. ಊದಿದಳು. ಕಿರುಬೆರಳು ಅದ್ದಿ ನೋಡಿದಳು, ಮತ್ತೆ ಊದಿದಳು, ಮತ್ತೆ ಅದ್ದಿ ನೋಡಿದಳು. ಆಮೇಲೆ ಬಸಿಯನ್ನು ಅವನ ಎರಡೂ ಅಂಗೈಗಳ ನಡುವೆ ಇಟ್ಟು, ಮೇಲಿನಿಂದ ತನ್ನ ಕೈ ಹಿಡಿದಳು.

“ಕುಡಿಯಪ್ಪಾ” ಎಂದಳು. “ಸುಡಂಗಿಲ್ಲ, ನಾ ನೋಡೇನಿ.”